ತಿಲಕ ತನ್ನ ಅವ್ವನನ್ನು ಕರೆದಿದ್ದಳು

ಸೌಡಮ್ಮನ ಮಗಳು ತಿಲಕ ಸಾಯುವ ಮುಂಚೆ ಎರಡು ದಿನ ತಾಯಿಯನ್ನು ಕರೆಯುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅವಳು ಯಾರನ್ನೂ ಕರೆಯಲಿಲ್ಲ ಎಂದು ಆ ತಾಯಿಗೆ ಹೇಳಿದವನು ನಾನು. ಹೇಳಿ ಹದಿಮೂರು ವರ್ಷ ಸುಮ್ಮನಿದ್ದೆ — ಸುಮ್ಮನಿದ್ದೆ ಎಂದರೂ ಪೂರ್ತಿ ನಿಜವಲ್ಲ. ಆ ಸುಳ್ಳಿನ ಮೇಲೆ ನಿಂತು ಮತ ಕೇಳಿದೆ. ಗೆದ್ದೆ.

ತಮಿಳುನಾಡಿನ ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವನು ನಾನು. ಇನ್‌ಸ್ಪೆಕ್ಟರ್ ಆಗಿದ್ದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಜಿಲ್ಲಾ ಪಂಚಾಯತಿ ಚುನಾವಣೆಗೆ ನಿಂತೆ. ನಮ್ಮ ಮನೆಮಾತು ಕನ್ನಡ. ಸೋಮನೂರು, ಪಲ್ಲಡಂ ಕಡೆ ಮಗ್ಗದವರಲ್ಲಿ ಎಷ್ಟೋ ಮನೆಗಳ ಮಾತು ಅದೇ. ಆದರೆ ಓದಲು ಬರೆಯಲು ಬಲ್ಲವರು ಕಡಿಮೆ. ನನಗೆ ಬರುತ್ತದೆ — ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ನನ್ನ ತಾಯಿ ತವರಿಗೆ ಕಳಿಸುವ ಕಾಗದಗಳನ್ನು ನನ್ನ ಕೈಯಲ್ಲೇ ಬರೆಸುತ್ತಿದ್ದಳು. ಈ ವಿಷಯವನ್ನು ತಮಿಳಿನಲ್ಲಿ ಬರೆದು ಮೇಲಧಿಕಾರಿಗಳಿಗೆ ಕೊಟ್ಟಾಗಿದೆ. ಅದು ಹೇಳಿಕೆ. ವಾರ, ವೇಳೆ, ಸಹಿ, ಅಷ್ಟೇ. ಆದರೆ ನಾನು ಸುಳ್ಳು ಹೇಳಿದ್ದು ಕನ್ನಡದಲ್ಲಿ. ಆಕೆ ನನ್ನನ್ನು ನಂಬಿದ್ದೂ ಕನ್ನಡದಿಂದಲೇ. ಆದ್ದರಿಂದ ಇನ್ನೊಮ್ಮೆ, ಇಲ್ಲಿ.

ಆಗ ನಾನು ಪಲ್ಲಡಂ ಕಡೆಯ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಒಂದು ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಸೌಡಮ್ಮ ಬಂದಳು. ನಲವತ್ತು ದಾಟಿದ ಹೆಂಗಸು, ಗಂಡನಿಲ್ಲ, ಯಾರದೋ ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಿದ್ದವಳು. ಸೆರಗಿನ ಮೇಲೆಲ್ಲ ಹತ್ತಿಯ ನವಿರು ಧೂಳು. ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ತಮಿಳಿನಲ್ಲಿ ಏನು ಬೇಕೆಂದು ಕೇಳಿದರೆ ಅವನಿಗೆ ಉತ್ತರ ಕೊಡದೆ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಕನ್ನಡದಲ್ಲಿ ಮಾತಾಡಿದಳು. ಹೊಸ ಎಸ್‌ಐ ನಮ್ಮ ಮಾತಿನವರು ಎಂದು ಯಾರೋ ಅವಳಿಗೆ ಹೇಳಿದ್ದರಂತೆ.

"ನನ್ ಮಗಳು ನೆನ್ನೆ ಮನೆಗೆ ಬರ್ಲಿಲ್ಲ ಸಾರ್. ತಿರುಪ್ಪೂರಲ್ಲಿ ಬನಿಯನ್ ಕಂಪೆನಿಗೆ ಹೋಯ್ತಾಳೆ. ಕಂಪೆನಿ ವ್ಯಾನು ಮೆಯಿನ್ ರೋಡಲ್ಲಿ ಇಳಿಸ್ಬುಟ್ಟು ಹೋಯ್ತಂತೆ. ಅಲ್ಲಿಂದ ಮನೆಗೆ ಬಂದೇ ಇಲ್ಲ. ಪೋನ್ ಮಾಡುದ್ರೆ ಸ್ವಿಚ್ ಆಫ್ ಅಂತದೆ. ಕೊಂಚ ನೋಡಿ ಸಾರ್."

ಆ ವಾರ ದೊಡ್ಡ ನಾಯಕರೊಬ್ಬರ ಸಭೆಯಿತ್ತು. ಬಂದೋಬಸ್ತಿನ ಪಟ್ಟಿ ನನ್ನ ಮುಂದಿತ್ತು. ನಾನು ಹುಡುಗಿಯ ವಯಸ್ಸು ಕೇಳಿದೆ. ಹತ್ತೊಂಬತ್ತು. ಮನೆಯಲ್ಲಿ ಏನಾದರೂ ಜಗಳವಾಯಿತೇ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. ನನ್ನನ್ನು ಕೇಳದೆ ಕೂದಲು ಕತ್ತರಿಸಿಕೊಂಡು ಬಂದಿದ್ದಳು ಸಾರ್, ಅದಕ್ಕೆ ನೆನ್ನೆ ಬೆಳಿಗ್ಗೆ ಬೈದೆ, ಎಂದಳು. ಅಷ್ಟುದ್ದದ ಜಡೆ, ಹೆಗಲವರೆಗೆ ಮಾಡಿಕೊಂಡುಬಿಟ್ಟಿದ್ದಾಳೆ ಎಂದು ಕೈಯಲ್ಲಿ ತೋರಿಸಿದಳು.

ನಾನು ನಕ್ಕೆ. ಇದನ್ನು ಬರೆಯಲೇಬೇಕು — ನಕ್ಕೆ. ಕೂದಲು ಕತ್ತರಿಸಿಕೊಂಡ ಹುಡುಗಿ, ಸ್ವಿಚ್ ಆಫ್ ಆದ ಫೋನು. ಇಂಥವನ್ನು ಎಷ್ಟು ಕಂಡಿಲ್ಲ ಎನ್ನುವ ನಗು ಅದು.

"ಅಕ್ಕ, ಯಾರ ಜೊತೆಗೋ ಹೋಗಿರ್ತಾಳೆ. ಈಗ ನಾನು ಕಂಪ್ಲೇಂಟ್ ಬರೆದ್ರೆ ನಾಳೆ ಊರಿಗೆಲ್ಲಾ ಗೊತ್ತಾಗುತ್ತೆ. ಅವಳ ಹೆಸರು ಕೆಡುತ್ತೆ. ಎರಡು ದಿನ ಮನೇಲಿರು, ಅವಳೇ ಫೋನ್ ಮಾಡ್ತಾಳೆ. ನಿನ್ನ ತಮ್ಮ ಅನ್ಕೊಂಡು ನನ್ನ ಮಾತು ಕೇಳು."

ಆಕೆ ಕೇಳಿದಳು. ಕೈ ಮುಗಿದು ಹೋದಳು. ಹುಡುಗಿ ಏನು ಉಟ್ಟಿದ್ದಳು ಎಂದು ನಾನು ಕೇಳಲೇ ಇಲ್ಲ. ಯಾವ ಪೊಲೀಸನಾದರೂ ಮೊದಲು ಕೇಳುವ ಪ್ರಶ್ನೆ ಅದು.

ಕೇಳಿದ್ದರೆ — ನನ್ನ ಮೇಜಿನ ಮೇಲೆಯೇ, ಬಂದೋಬಸ್ತ್ ಪಟ್ಟಿಯ ಅಡಿಯಲ್ಲಿ, ಆ ಬೆಳಿಗ್ಗೆ ಎಲ್ಲ ಠಾಣೆಗಳಿಗೂ ಬಂದಿದ್ದ ಒಂದು ಸಂದೇಶವಿತ್ತು. ಹೆದ್ದಾರಿಯಲ್ಲಿ ಯಾವುದೋ ವಾಹನ ಹೊಡೆದು ಹೋದ ಗುರುತಿಲ್ಲದ ಯುವತಿ. ಸುಮಾರು ಇಪ್ಪತ್ತು ವರ್ಷ. ಹಸಿರು ಚೂಡಿದಾರ್. ಹೆಗಲವರೆಗೆ ಕತ್ತರಿಸಿದ ಕೂದಲು. ಸರ್ಕಾರಿ ಆಸ್ಪತ್ರೆಯಲ್ಲಿದ್ದಾಳೆ, ತೆಲುಗು ಮಾತಾಡುತ್ತಾಳೆ. ಸೌಡಮ್ಮ ಠಾಣೆಗೆ ಬರುವ ಒಂದು ಗಂಟೆ ಮುಂಚೆ ಆ ಕಾಗದದ ಮೂಲೆಯಲ್ಲಿ ನಾನು ಸಹಿ ಹಾಕಿದ್ದೆ. ನೋಡಿದೆ ಎನ್ನುವುದಕ್ಕೆ ಹಾಕುವ ಸಹಿ. ಓದಿರಲಿಲ್ಲ. ಅಥವಾ ಓದಿ, ತೆಲುಗಿನವಳು ಎಂದು ಬಿಟ್ಟಿದ್ದೆನೇನೋ — ಈಗ ನನಗೇ ಖಚಿತವಿಲ್ಲ. ಎರಡರಲ್ಲಿ ಯಾವುದಾದರೂ ಒಂದೇ.

ಗುರುವಾರ ಬೆಳಿಗ್ಗೆ ಸೌಡಮ್ಮ ಮತ್ತೆ ಬಂದಳು. ಎರಡು ದಿನ ಆಯಿತು ಸಾರ್ ಎಂದಳು, ಅಷ್ಟೇ. ಹಿಂದಿನ ದಿನವೇ ಸಭೆ ಮುಗಿದಿತ್ತು. ಮೇಜು ಖಾಲಿ ಮಾಡುತ್ತಿದ್ದೆ. ಆ ಕಾಗದ ಕೈಗೆ ಬಂತು. ಮೇಲಿನಿಂದ ಕೆಳಗೆ ಓದಿದೆ, ಕೂದಲಿನ ಸಾಲನ್ನು ಎರಡು ಸಲ ಓದಿದೆ. ಆಕೆಗೆ ಏನೂ ಹೇಳದೆ ಬೆಂಚಿನ ಮೇಲೆ ಕೂರಲು ಹೇಳಿ, ಒಳಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದೆ. ಆ ಹುಡುಗಿ ಅಂದು ಬೆಳಗಿನ ಜಾವ ತೀರಿಕೊಂಡಳು ಎಂದರು.

ಬರುತ್ತೇನೆ, ಇಲ್ಲೇ ಇರು ಎಂದು ಸೌಡಮ್ಮನಿಗೆ ಹೇಳಿ ಜೀಪು ಹತ್ತಿದೆ. ಅವಳನ್ನು ಜೊತೆಗೆ ಕರೆದುಕೊಂಡು ಹೋಗಬೇಕಿತ್ತು. ಒಬ್ಬನೇ ಹೋದದ್ದು ಅವಳ ಮೇಲಿನ ಕನಿಕರದಿಂದಲ್ಲ. ಅಲ್ಲಿ ಯಾರು ಏನು ಹೇಳುತ್ತಾರೋ, ಅದನ್ನು ಮೊದಲು ನಾನು ಕೇಳಿಸಿಕೊಳ್ಳಬೇಕಿತ್ತು.

ವಾರ್ಡಿನಲ್ಲಿ ಇದ್ದದ್ದು ವಯಸ್ಸಾದ ಒಬ್ಬ ನರ್ಸ್. ತಲೆಗೆ ಪೆಟ್ಟು ಬಿದ್ದಿತ್ತು, ಅರ್ಧ ಪ್ರಜ್ಞೆ ಇತ್ತು ಎಂದು ಆಕೆ ತಮಿಳಿನಲ್ಲಿ ವಿವರಿಸಿದಳು. ಹೆಸರು ಕೇಳಿದರೆ ಹೇಳಲಿಲ್ಲ, ಊರು ಹೇಳಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಅನ್ನುತ್ತಿದ್ದಳು. ಅವ್ವ ಅಂದದ್ದು ಕೇಳಿಸಿತು, ತೆಲುಗಿನಲ್ಲಿ ಅಜ್ಜಿಯನ್ನು ಕರೆಯುತ್ತಿದ್ದಾಳೆ ಅಂದುಕೊಂಡೆವು. ತೆಲುಗು ಬರುವ ಒಬ್ಬರನ್ನು ಕರೆಸಿದೆವು, ಅವರಿಗೂ ತಿಳಿಯಲಿಲ್ಲ. ನಿನ್ನೆ ಇಡೀ ದಿನ ಬಾಗಿಲ ಕಡೆಯೇ ತಲೆ ತಿರುಗಿಸಿಕೊಂಡು ಅದನ್ನೇ ಅಂದಳು.

ಹಾಗೆ ಹೇಳಿ ಆ ನರ್ಸ್, ಅರ್ಥ ಗೊತ್ತಿಲ್ಲದ ಆ ಮಾತನ್ನು ತಾನು ಕೇಳಿಸಿಕೊಂಡ ಹಾಗೆಯೇ ಅಂದು ತೋರಿಸಿದಳು.

"ಅವ್ವ ಬಂದ್ಲಾ... ಅವ್ವ ಬಂದ್ಲಾ... ಹೀಗೇ ಸಾರ್. ಇದು ಯಾವ ಭಾಷೆ? ಏನು ಅರ್ಥ?"

ನಾನು ಗೊತ್ತಿಲ್ಲ ಎಂದೆ.

ಆ ವಾರ್ಡಿನಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವನು ನಾನೊಬ್ಬನೇ. ನನ್ನ ಮನೆಯ ಮಾತು ಅದು, ನನ್ನ ಅಮ್ಮನ ಮಾತು. ಆ ಹುಡುಗಿ ಎರಡು ದಿನ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು — ನಿನ್ನ ಅವ್ವ ಬಂದಿದ್ದಳು, ನನ್ನ ಮೇಜಿನ ಮುಂದೆ ನಿಂತಿದ್ದಳು, ನಾನು ವಾಪಸ್ಸು ಕಳಿಸಿದೆ.

ಠಾಣೆಗೆ ಮರಳಿ, ಸೌಡಮ್ಮನ ಎದುರು ಕೂರುವ ಮುಂಚೆ ನಾನು ಮಾಡಿದ ಕೆಲಸ ಇಷ್ಟು: ಆ ಸಂದೇಶದ ಕಾಗದವನ್ನು ಹರಿದು ಹಾಕಿದೆ. ಮಂಗಳವಾರವೇ ದೂರು ತೆಗೆದುಕೊಂಡಂತೆ ಕಾಗದ ತಯಾರಿಸಿದೆ. ಆಮೇಲೆ ಅವಳಿಗೆ ವಿಷಯ ಹೇಳಿದೆ. ಅವಳು ನೆಲಕ್ಕೆ ಕುಸಿದು, ಬಹಳ ಹೊತ್ತಿನ ಮೇಲೆ ಎದ್ದು ಕೂತಾಗ ಆ ಕಾಗದದ ಮೇಲೆ ಸಹಿ ಮಾಡಿಸಿಕೊಂಡೆ. ತನ್ನ ಹೆಸರನ್ನು ತಮಿಳಿನಲ್ಲಿ ಗೀಚಲು ಮಾತ್ರ ಬರುತ್ತಿತ್ತು ಅವಳಿಗೆ. ಅಕ್ಷರಗಳು ಒಂದರ ಮೇಲೊಂದು ಬಿದ್ದವು.

"ನೀನು ಬಂದ ಹೊತ್ತಿನಿಂದ ಹುಡುಕ್ತಾನೇ ಇದ್ವಿ ಅಕ್ಕ," ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದ್ದು ಒಂದೇ. "ಅವ್ವಾ ಅಂತ ಕರೆದ್ಲಾ ಸಾರ್? ನನ್ನ ಕೇಳಿದ್ಲಾ?"

"ಇಲ್ಲ ಅಕ್ಕ. ಪ್ರಜ್ಞೆಯೇ ಬರಲಿಲ್ಲ. ಯಾರನ್ನೂ ಕರೆಯಲಿಲ್ಲ. ನೋವು ಗೊತ್ತಾಗದೆ ಹೋದಳು."

ಆಕೆಗೆ ಸಮಾಧಾನವಾಗಲಿ ಎಂದು ಹೇಳಿದೆ — ಹೀಗೆ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಕರೆದಳು ಎಂದಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಎಷ್ಟು ದಿನ ಕರೆದಳು, ಮತ್ತೆ ನನ್ನನ್ನು ಯಾಕೆ ಕರೆಸಲಿಲ್ಲ. ಆ ಪ್ರಶ್ನೆ ಬಾರದಿರಲೆಂದು ಹೇಳಿದ ಮಾತು ಅದು.

ಆಮೇಲೆ ವರ್ಗವಾಯಿತು, ಬಡ್ತಿ ಬಂತು. ಸೂಲೂರು, ಅವಿನಾಶಿ, ಮತ್ತೆಲ್ಲೆಲ್ಲೋ. ನಾನು ಒಳ್ಳೆಯ ಅಧಿಕಾರಿ ಎನಿಸಿಕೊಂಡೆ. ಕೆಲವು ಕಡೆ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದೆ. ಕಾಣೆಯಾದವರ ದೂರು ಬಂದರೆ ಎಲ್ಲ ಬಿಟ್ಟು ಏಳುತ್ತಿದ್ದೆ. ಪತ್ರಿಕೆಯವರು ಅದನ್ನೂ ಬರೆದರು. ಯಾಕೆ ಹಾಗೆ ಏಳುತ್ತೇನೆ ಎಂದು ಯಾರೂ ಕೇಳಲಿಲ್ಲ.

ಒಂದು ಪಕ್ಷದವರು ಬಂದು ಚುನಾವಣೆಗೆ ನಿಲ್ಲಲು ಕೇಳಿದರು. ಜಿಲ್ಲಾ ಪಂಚಾಯತಿಗೆ ಒಂದು ವಾರ್ಡಿನಿಂದ ಗೆದ್ದು ಬನ್ನಿ, ಸದಸ್ಯರೆಲ್ಲ ಸೇರಿ ನಿಮ್ಮನ್ನೇ ಅಧ್ಯಕ್ಷರನ್ನಾಗಿ ಮಾಡುತ್ತೇವೆ ಎಂದರು. ನನಗೂ ಆಸೆಯಿತ್ತು. ಇಲಾಖೆ ಬಿಟ್ಟೆ. ಅವರು ಕೊಟ್ಟ ವಾರ್ಡಿನೊಳಗೇ ಸೌಡಮ್ಮನ ಮಗ್ಗದ ಬೀದಿಯಿತ್ತು. ವಾರ್ಡಿನ ಊರುಗಳ ಪಟ್ಟಿಯಲ್ಲಿ ಆ ಹೆಸರು ಓದಿದಾಗ ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ. ಆಮೇಲೆ — ಇಷ್ಟು ವರ್ಷವಾಯಿತು, ಅವಳಿಗೆ ನನ್ನ ನೆನಪಾದರೂ ಇದೆಯೋ ಇಲ್ಲವೋ ಅಂದುಕೊಂಡೆ.

ಪ್ರಚಾರದ ಮೊದಲನೆಯ ದಿನವೇ ಆರತಿ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತವಳು ಸೌಡಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಹಣೆಗೆ ಕುಂಕುಮವಿಟ್ಟು, ಪಕ್ಷದ ಕಾರ್ಯದರ್ಶಿ ಚಿನ್ನಸ್ವಾಮಿಯ ಕೈಯಿಂದ ಮೈಕು ತೆಗೆದುಕೊಂಡಳು. ಅರ್ಧ ತಮಿಳು, ಅರ್ಧ ಕನ್ನಡ.

"ಇವ್ರು ಯಾರು ಗೊತ್ತಾ? ನನ್ ಮಗಳು ಕಾಣೆ ಆದಾಗ ಒಂದು ನಿಮಿಷ ಕೂರ್ದೆ ಹುಡುಕಿದ ಪುಣ್ಯಾತ್ಮ! ನಮ್ಮಂತ ಏಳೆಗಳ, ಬಡವ್ರ ಮಾತು ಯಾರು ಕೇಳ್ತಾರೆ? ಇವ್ರು ಕೇಳಿದ್ರು. ನನ್ನ ಅಕ್ಕಾ ಅಂತ ಕರೆದ್ರು."

ಚಿನ್ನಸ್ವಾಮಿಯ ಕಣ್ಣು ಅರಳಿತು. ಮರುದಿನದಿಂದ ಅವಳನ್ನು ಬಿಡಲಿಲ್ಲ. ಜೀಪಿನಲ್ಲಿ ನನ್ನ ಪಕ್ಕದಲ್ಲೇ ನಿಲ್ಲಿಸಿದ. ಜೀಪು ಹೋಗದ ಸಂದುಗಳಿಗೆ ಅವಳೇ ನಡೆದು ಹೋದಳು. ಕೆಲಸಕ್ಕೆ ರಜೆ ಹಾಕಿ, ಬಿಸಿಲಲ್ಲಿ, ಮನೆ ಮನೆಯ ಬಾಗಿಲು ತಟ್ಟಿ ನನಗಾಗಿ ಮತ ಕೇಳಿದಳು. ನಾನು ಕೈ ಮುಗಿದು ನಗುತ್ತ ನಿಂತಿದ್ದೆ. ಆ ಫೋಟೋಗಳು ಇವೆ. ಅವುಗಳಲ್ಲಿ ನನ್ನ ಮುಖ ಸಂತೋಷವಾಗಿಯೇ ಕಾಣುತ್ತದೆ.

ಮತದಾನಕ್ಕೆ ನಾಲ್ಕು ದಿನ ಇರುವಾಗ ಅವಳು ಮಧ್ಯಾಹ್ನದ ಊಟಕ್ಕೆ ತನ್ನ ಮನೆಗೆ ಕರೆದಳು. ಒಂದೇ ಕೋಣೆ. ತಿಲಕಳ ಫೋಟೋ, ಉದ್ದ ಜಡೆಯದ್ದು. ಎಲೆ ಹಾಕಿ ಬಡಿಸುತ್ತ, ಫೋಟೋದ ಕಡೆ ತಿರುಗದೆಯೇ ಹೇಳಿದಳು. ಈಗ ನಾನು ಅವಳಿಗೆ ಸಾರ್ ಅಲ್ಲ, ತಂಬಿ, ತಮ್ಮ:

"ಆ ದಿನ ಬೆಳಿಗ್ಗೆ ತಲೆಕೂದ್ಲಿಗೆ ಬೈದೆನಲ್ಲ ತಂಬಿ... ಬೈದಿದ್ದು ಕೊಂಚ ಅಲ್ಲ. ಬಾಯಿಗೆ ಬಂದಂಗೆ ಅಂದೆ. ಊಟದ ಡಬ್ಬಿ ಎತ್ಕೊಳ್ದೆ ಹೋದ್ಲು. ಆ ಕೋಪ ಅವಳಿಗೆ ಹೋಗ್ಲೇ ಇಲ್ಲ. ಅದಕ್ಕೇ ಕೊನೇಲೂ ನನ್ನ ಕರೀಲಿಲ್ಲ."

ಅವಳಿಗೆ ಪ್ರಜ್ಞೆ ಇರಲಿಲ್ಲ ಅಕ್ಕ, ಎಂದೆ.

"ಪ್ರಜ್ಞೆ ಇಲ್ದಿದ್ರೂ ಮಕ್ಕಳು ಅವ್ವಾ ಅಂತಾವೆ ತಂಬಿ. ನಾನು ಹೆತ್ತವಳು, ನನಗೆ ಗೊತ್ತು. ಅವಳು ಬೇಡ ಅಂತಾನೇ ಕರೀಲಿಲ್ಲ. ದಿನಾ ಹೊದ್ದು ಮಲಗೋವಾಗ ಅದೇ ನೆನಪು. ಬುಡು, ಊಟ ಮಾಡು."

ನಾನು ಸಮಾಧಾನ ಎಂದುಕೊಂಡು ಕೊಟ್ಟದ್ದು ಅವಳನ್ನು ಹದಿಮೂರು ವರ್ಷ ಕೊರೆದಿತ್ತು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ಅಲ್ಲೇ, ಆ ಎಲೆಯ ಮುಂದೆ. ಬಾಯಿ ತೆರೆದೆ ಕೂಡ. ಹೊರಗೆ ಚಿನ್ನಸ್ವಾಮಿ ಜೀಪಿನ ಹಾರ್ನ್ ಒತ್ತಿದ. ನಾನು ಅನ್ನ ಕಲಸಿ ಬಾಯಿಗಿಟ್ಟುಕೊಂಡೆ. ಪೂರ್ತಿ ಊಟ ಮಾಡಿದೆ. ನಾಲ್ಕು ದಿನ ಕಳೆಯಲಿ, ಆಮೇಲೆ ಹೇಳೋಣ — ಹೀಗೆ ಯೋಚಿಸಿದೆ. ಠಾಣೆಯಲ್ಲಿ ಮಾಡಿದ್ದನ್ನು ಗಾಬರಿ ಎನ್ನಬಹುದೇನೋ. ಇದು ಗಾಬರಿಯಲ್ಲ. ಇದನ್ನು ನಾನು ಹೊಟ್ಟೆ ತುಂಬ ಉಂಡು, ಯೋಚನೆ ಮಾಡಿಯೇ ಮಾಡಿದೆ.

ಗೆದ್ದೆ. ಆ ಬೀದಿಗಳಿಂದಲೇ ಗೆದ್ದೆ.

ಅಧ್ಯಕ್ಷರ ಆಯ್ಕೆಗೆ ಮುಂಚೆ ನಮ್ಮ ಸದಸ್ಯರು ಬೇರೆ ಕಡೆ ಜಾರದಿರಲೆಂದು ಎಲ್ಲರನ್ನೂ ಆನೈಮಲೆಯ ಹತ್ತಿರ ಒಂದು ರೆಸಾರ್ಟಿನಲ್ಲಿ ಇಟ್ಟಿದ್ದರು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಚಿನ್ನಸ್ವಾಮಿ ಉತ್ಸಾಹದಿಂದ ಬಂದ. "ಅಣ್ಣೇ, ಅಧಿಕಾರ ವಹಿಸ್ಕೊಳ್ಳೋ ದಿನ ಆ ಅಮ್ಮನ ಕೈಯಿಂದಲೇ ನಿಮಗೆ ಶಾಲು ಹೊದಿಸೋಣ. ಹೇಳಿ ಕಳಿಸಿದ್ದೀನಿ. ಹೊಸ ಸೀರೆ ತಗೊಂಡಿದ್ದಾರಂತೆ."

ನಾನು ಎದ್ದು ಕೈ ತೊಳೆದು, ಕೆಳಗೆ ಇಳಿದು, ಕಾರು ಹತ್ತಿದೆ. ನನಗೆ ಧೈರ್ಯ ಬಂತು ಎಂದು ಯಾರೂ ತಿಳಿಯಬಾರದು. ಆ ಶಾಲಿಗೆ ಹೆಗಲು ಕೊಡಲು ಆಗಲಿಲ್ಲ, ಅಷ್ಟೇ.

ಸೌಡಮ್ಮ ಶೆಡ್ಡಿನಲ್ಲಿದ್ದಳು. ಮಗ್ಗಗಳ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ನನ್ನನ್ನು ಕಂಡು ನಗುತ್ತ ಮಗ್ಗ ನಿಲ್ಲಿಸಿ ಹೊರಗೆ ಬಂದಳು. ಬೇವಿನ ಮರದ ಕೆಳಗೆ ನಿಂತು ಹೇಳಿದೆ. ಮಂಗಳವಾರ ಮೇಜಿನ ಮೇಲಿದ್ದ ಕಾಗದ, ನನ್ನ ಸಹಿ, ಅವಳಿಂದ ಹಾಕಿಸಿಕೊಂಡ ಸಹಿ, ನರ್ಸ್ ಅಂದು ತೋರಿಸಿದ ಮಾತು — ಒಂದನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಲು ಆಗಲಿಲ್ಲ, ಆದರೂ ನೋಡಿದೆ.

ಅವಳು ಅಳಲಿಲ್ಲ. "ಆಸ್ಪತ್ರೆಗೆ ನಮ್ಮೂರಿಂದ ಒಂದೇ ಬಸ್ಸು. ಇಳಿದು ಹತ್ತೋದೂ ಇಲ್ಲ. ನೀನು ಹೇಳಿದ್ದಿದ್ರೆ ಆವತ್ತು ಮಧ್ಯಾಹ್ನಕ್ಕೆಲ್ಲಾ ನಾನು ಅವಳ ಹತ್ರ ಇರ್ತಿದ್ದೆ."

"ಹೌದು ಅಕ್ಕ."

"ಅಕ್ಕಾ ಅನ್ಬೇಡ."

ಒಳಗೆ ಹೋಗಿ ಮಗ್ಗ ಓಡಿಸಿದಳು. ನಾನು ಅಲ್ಲೇ ನಿಂತಿದ್ದೆ. ಮಧ್ಯಾಹ್ನ ಕಳೆದು ಪಾಳಿ ಮುಗಿದ ಮೇಲೆ ಹೊರಬಂದು, ನನ್ನ ಎದೆಯ ಕಡೆ ಮಾತ್ರ ನೋಡುತ್ತ ಹೇಳಿದಳು. "ಮನೆ ಮನೆಗೆ ಹೋಗಿ ನಿನ್ನ ಒಳ್ಳೆಯವನು ಅಂದಿದ್ದೀನಿ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ. ಅಷ್ಟು ಮನೆಗೂ ಬಂದು ನಿಜ ಹೇಳು. ನಾಳೆ ಬೆಳಿಗ್ಗೆ ಬಾ."

ಮರುದಿನ ಹೋದೆ. ಅದರ ಮರುದಿನವೂ. ಅಧ್ಯಕ್ಷರ ಆಯ್ಕೆ ನಡೆದ ಬೆಳಿಗ್ಗೆ ನಾವು ಮೂರನೆಯ ಬೀದಿಯಲ್ಲಿದ್ದೆವು. ಚಿನ್ನಸ್ವಾಮಿ ಫೋನ್ ಮೇಲೆ ಫೋನ್ ಮಾಡಿ, ಕೊನೆಗೆ ಬೈದು ನಿಲ್ಲಿಸಿದ. ಬೇರೆ ಯಾರೋ ಅಧ್ಯಕ್ಷರಾದರು. ನಾನು ಸದಸ್ಯತ್ವಕ್ಕೂ ರಾಜೀನಾಮೆ ಬರೆದು ಕಳಿಸಿದೆ. ಇಲಾಖೆಯ ವಿಚಾರಣೆ ಶುರುವಾಗಿದೆ. ಅವರು ಏನು ವಿಧಿಸಿದರೂ ಸರಿಯೇ.

ಸೌಡಮ್ಮ ಬಾಗಿಲು ತಟ್ಟುತ್ತಾಳೆ. "ಇವನು ಏನೋ ಹೇಳ್ಬೇಕಂತೆ, ಕೇಳಿ," ಎಂದು ಪಕ್ಕಕ್ಕೆ ನಿಲ್ಲುತ್ತಾಳೆ. ನಾನು ಹೇಳುತ್ತೇನೆ. ಒಬ್ಬ ಮುದುಕ ಉಗಿದ. ಒಬ್ಬಾಕೆ ಮಧ್ಯದಲ್ಲೇ ಬಾಗಿಲು ಹಾಕಿಕೊಂಡಳು. ಕೆಲವರು, ಹೋಗಲಿ ಬಿಡಿ ಸಾರ್, ಈಗ್ಯಾಕೆ ಅದೆಲ್ಲ ಎಂದರು; ಅದೇ ಎಲ್ಲಕ್ಕಿಂತ ಕಷ್ಟವಾಯಿತು. ನನ್ನನ್ನು ಹೀಗೆ ಬೀದಿಯಲ್ಲಿ ನಿಲ್ಲಿಸಿ ಶಿಕ್ಷೆ ಕೊಡುತ್ತಿದ್ದಾಳೆ, ಕೊಡಲಿ, ಅದು ಅವಳ ಹಕ್ಕು ಎಂದುಕೊಂಡಿದ್ದೆ.

ನನ್ನ ಆ ಎಣಿಕೆ ತಪ್ಪು ಎಂದು ತಿಳಿದದ್ದು ಮೂರನೆಯ ಬೀದಿಯಲ್ಲಿ. ಆ ಮನೆಯಲ್ಲಿ ನಾನು ಆಯಾಸದಿಂದ ಮಾತು ಮೊಟಕು ಮಾಡಿದೆ. ಹುಡುಗಿ ತಾಯಿಯನ್ನು ಕೇಳಿದ್ದಳು, ನಾನು ಮುಚ್ಚಿಟ್ಟೆ ಎಂದು ಮುಗಿಸಿದೆ. ಸೌಡಮ್ಮ ನನ್ನ ತೋಳು ಹಿಡಿದಳು — ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನನ್ನು ಮುಟ್ಟಿದ್ದು.

"ಹಂಗಲ್ಲ. ಅವಳು ಅಂದಂಗೇ ಅನ್ನು."

ನಾನು ಅಂದೆ. ಅವ್ವ ಬಂದ್ಲಾ, ಅವ್ವ ಬಂದ್ಲಾ ಎಂದು.

ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ಆ ಮನೆಯ ಹೆಂಗಸಿನ ಕಡೆ ತಿರುಗಿ, "ಕೇಳಿದ್ರಾ? ನನ್ ಮಗಳು ನನ್ನ ಕರೆದಿದ್ಲು," ಎಂದಳು.

ಈಗ ಪ್ರತಿ ಮನೆಯಲ್ಲೂ ಹಾಗೆಯೇ ಅನ್ನುತ್ತೇನೆ, ನಿಧಾನವಾಗಿ, ಅವಳಿಗೆ ಪೂರ್ತಿ ಕೇಳಿಸುವ ಹಾಗೆ. ನನ್ನೊಡನೆ ಅವಳು ಬೇರೆ ಯಾವ ಮಾತನ್ನೂ ಆಡುವುದಿಲ್ಲ. ಕ್ಷಮಿಸು ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಾಳೆ ಎಂಟು ಗಂಟೆಗೆ ಬರಲು ಹೇಳಿದ್ದಾಳೆ. ಹೋಗುತ್ತೇನೆ.